ವಾಹನ ಪ್ರಶ್ನೋತ್ತರ: ಕ್ಲಚ್ ಮೇಲಿನ ಕಾಲು, ಘಾಟಿಯಲ್ಲಿ ಬ್ರೇಕು

ಕಂಪನಿ ಹೇಳಿದ ಹೊತ್ತಿಗೆ ಸರಿಯಾಗಿ ಸರ್ವಿಸ್ ಮಾಡಿಸಿದರೂ ಬಿಡಿಭಾಗಗಳು ಬೇಗ ಬೇಗ ಹೋಗುತ್ತಿವೆ ಎಂಬ ದೂರು ಈ ಸಲದ ಪತ್ರಗಳಲ್ಲಿ ಹೆಚ್ಚು. ಹಾಗಾಗಿ ಓಡಿಸುವ ರೂಢಿಗೆ ಸಂಬಂಧಪಟ್ಟ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಓಡಿರುವುದು 28,000 ಕಿ.ಮೀ. ಆಗಲೇ ಕ್ಲಚ್ ಹೋಗಿದೆ ಅಂತಾರೆ. ದಿನಾ ಸಿಲ್ಕ್ ಬೋರ್ಡ್‌ನಿಂದ ಮಾರತಹಳ್ಳಿಗೆ ಹೋಗಿ ಬರುತ್ತೇನೆ, ಜೋರಾಗಿ ಓಡಿಸುವವನೇ ಅಲ್ಲ. ದಾವಣಗೆರೆಯಲ್ಲಿರುವ ಅಣ್ಣನ ಹತ್ತಿರ ಇದೇ ಗಾಡಿ ಇದೆ, 90,000 ಕಿ.ಮೀ. ಆದರೂ ಮೊದಲಿನ ಕ್ಲಚ್ಚೇ ಇದೆ. ಗ್ಯಾರೇಜಿನವರು ‘ನಿಮ್ಮ ಡ್ರೈವಿಂಗ್ ಸರಿಯಿಲ್ಲ’ ಎಂದು ವಾರಂಟಿ ಕೊಡಲಿಲ್ಲ. — ಓದುಗರು, ಬೆಂಗಳೂರು

ಉತ್ತರ: ಗ್ಯಾರೇಜಿನವರು ಹೇಳಿದ್ದು ಅರ್ಧ ಸರಿ. ಇನ್ನರ್ಧ ನೀವು ದಿನಾ ಓಡಾಡುವ ಔಟರ್ ರಿಂಗ್ ರೋಡಿನ ಪಾಲು. ಪೆಡಲ್ ಪೂರ್ತಿ ಒತ್ತಿದಾಗಲೂ ಕ್ಲಚ್ ಪ್ಲೇಟ್ ಸವೆಯುವುದಿಲ್ಲ, ಪೂರ್ತಿ ಬಿಟ್ಟಾಗಲೂ ಸವೆಯುವುದಿಲ್ಲ. ಸವೆತವೆಲ್ಲ ಆಗುವುದು ನಡುವಿನ ಒಂದೆರಡು ಸೆಕೆಂಡಿನಲ್ಲಿ, ಪ್ಲೇಟು ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಚಕ್ರ) ಮೇಲೆ ಜಾರುತ್ತಿರುವಾಗ. ಅಣ್ಣನವರು ಹೈವೇಯಲ್ಲಿ ನೂರು ಕಿಲೋಮೀಟರ್ ಹೋಗುವಾಗ ಹತ್ತಿಪ್ಪತ್ತು ಸಲ ಕ್ಲಚ್ ಒತ್ತಿಯಾರು. ನೀವು ಹತ್ತು ಕಿಲೋಮೀಟರಿಗೇ ನೂರಾರು ಸಲ ಒತ್ತುತ್ತೀರಿ. ಮೀಟರಿನ ಲೆಕ್ಕ ಹಿಡಿದು ಎರಡು ಕ್ಲಚ್‌ಗಳನ್ನು ಹೋಲಿಸಲು ಬರುವುದಿಲ್ಲ.

ಆದರೂ ಇದೇ ರಸ್ತೆಯಲ್ಲಿ 60–70 ಸಾವಿರ ಕಿ.ಮೀ. ಕ್ಲಚ್ ಬಾಳಿಸುವವರಿದ್ದಾರೆ. ನಿಮ್ಮ ಕಾಲು ಏನು ಮಾಡುತ್ತಿದೆ, ಒಂದು ದಿನ ಗಮನಿಸಿ ನೋಡಿ. ಗೇರ್ ಬದಲಿಸಿದ ಮೇಲೂ ಎಡಗಾಲು ಪೆಡಲ್ ಮೇಲೇ ಕೂತಿರುತ್ತದೆಯೇ? ಕಾಲಿನ ಬರೀ ಭಾರಕ್ಕೇ ಪೆಡಲ್ಲಿನ ಪ್ಲೇ (ಸಡಿಲು) ಮುಗಿದು ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ ಒತ್ತಡ ಬೀಳುತ್ತದೆ. ಸ್ವಲ್ಪ ಹೆಚ್ಚಾದರೆ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಹಿಡಿತವೇ ಸಡಿಲವಾಗುತ್ತದೆ. ಪಕ್ಕದಲ್ಲಿ ಡೆಡ್ ಪೆಡಲ್ ಕೊಟ್ಟಿರುವುದು ಕಾಲು ಅಲ್ಲಿಡಲಿ ಎಂದೇ.

ಇದಕ್ಕಿಂತ ಕೆಟ್ಟದ್ದು ಫ್ಲೈಓವರ್ ಏರಿನಲ್ಲಿ ಹಾಫ್ ಕ್ಲಚ್ (ಪೆಡಲ್ ಅರ್ಧ ಒತ್ತಿ) ಹಿಡಿದು ಗಾಡಿಯನ್ನು ಅಲ್ಲೇ ತೂಗಿಸುವುದು. ಆಗ ಎಂಜಿನ್ನಿನ ಶಕ್ತಿಯೆಲ್ಲ ಪ್ಲೇಟಿನಲ್ಲಿ ಬಿಸಿಯಾಗಿ ಕಳೆಯುತ್ತದೆ. ಪ್ಲೇಟಿನ ಮೇಲಿನ ಲೈನಿಂಗ್ (ಉಜ್ಜುವ ಪದರ) ಗಾಜಿನಂತೆ ನುಣುಪಾಗುತ್ತದೆ, ಫ್ಲೈವೀಲ್ ಮೇಲೆ ನೀಲಿ ಕಲೆಗಳು ಏಳುತ್ತವೆ, ಆಮೇಲೆ ಗಾಡಿ ಎತ್ತುವಾಗ ಗಡಗಡ ನಡುಗತೊಡಗುತ್ತದೆ. ಏರಿನಲ್ಲಿ ನಿಂತರೆ ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್‌ಗೆ ಹಾಕಿ. ಹೊರಡುವಾಗ ಫಸ್ಟ್ ಗೇರ್ ಹಾಕಿ, ಕ್ಲಚ್ ನಿಧಾನ ಬಿಡುತ್ತಾ ಎಂಜಿನ್ ಸದ್ದು ಇಳಿದು ಬಾನೆಟ್ ತುಸು ಮೇಲೆದ್ದ ಕೂಡಲೇ ಹ್ಯಾಂಡ್ ಬ್ರೇಕ್ ಬಿಡಿ, ಆಕ್ಸಿಲರೇಟರ್ ಕೊಡಿ.

ಮೂರನೆಯದು ಗೇಣು ಗೇಣು ಸರಿಯುವ ಚಟ. ಮುಂದಿನ ಗಾಡಿ ಎರಡಡಿ ಸರಿಯಿತೆಂದು ನೀವೂ ಎರಡಡಿ ಸರಿಯಬೇಡಿ. ಒಂದೂವರೆ ಕಾರಿನಷ್ಟು ಜಾಗ ಆಗಲಿ, ಆಮೇಲೆ ಫಸ್ಟ್ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಹೋಗಿ. ಆಕ್ಸಿಲರೇಟರ್ ಮುಟ್ಟದಿದ್ದರೂ ಗಂಟೆಗೆ ಐದಾರು ಕಿ.ಮೀ. ವೇಗದಲ್ಲಿ ಗಾಡಿ ತಾನೇ ಸಾಗುತ್ತದೆ. ಆ ಜಾಗಕ್ಕೆ ಆಟೋ ನುಗ್ಗುತ್ತದೆ, ನಿಜ. ನುಗ್ಗಲಿ ಬಿಡಿ, ಕ್ಲಚ್ ಸೆಟ್‌ಗಿಂತ ಅದು ಅಗ್ಗ.

ಬದಲಾಯಿಸುವ ಮುನ್ನ ನಿಜಕ್ಕೂ ಹೋಗಿದೆಯೇ ಎಂದು ಖಾಲಿ ರಸ್ತೆಯಲ್ಲಿ ಒಮ್ಮೆ ನೋಡಿ. ನಾಲ್ಕನೇ ಗೇರಿನಲ್ಲಿ 40ರಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಹಿಂದೆಯೇ ಉಳಿದರೆ ಪ್ಲೇಟ್ ಜಾರುತ್ತಿದೆ. ಪೆಡಲ್ ಒತ್ತಿದಾಗ ಮಾತ್ರ ಗೊರಗೊರ ಸದ್ದು ಬಂದರೆ ಅದು ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಬರುತ್ತಿದ್ದ ಸದ್ದು ಪೆಡಲ್ ಒತ್ತಿದರೆ ನಿಲ್ಲುತ್ತದೆ ಎಂದಾದರೆ ಗೇರ್‌ಬಾಕ್ಸ್ ಒಳಗಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಅದು ಬೇರೆಯೇ ಕೆಲಸ.

ವಾರಂಟಿ ವಿಚಾರಕ್ಕೆ ಬಂದರೆ, ಹಳೆಯ ಪ್ಲೇಟನ್ನು ಕೇಳಿ ಪಡೆದು ಕಣ್ಣಾರೆ ನೋಡಿ. ಲೈನಿಂಗ್ ಎಲ್ಲ ಕಡೆ ಸಮನಾಗಿ ರಿವೆಟ್ ಮಟ್ಟಕ್ಕೆ ಸವೆದಿದ್ದರೆ ಅದು ಬಳಕೆಯ ಸವೆತ, ವಾದಿಸಿ ಫಲವಿಲ್ಲ. ಪ್ಲೇಟ್ ಆಯಿಲ್‌ನಲ್ಲಿ ತೊಯ್ದಿದ್ದರೆ ಸೀಲ್ ಸೋರುತ್ತಿದೆ. ನಡುವಿನ ಸ್ಪ್ರಿಂಗ್ ಮುರಿದು, ಲೈನಿಂಗ್ ಇನ್ನೂ ದಪ್ಪವಾಗಿದ್ದರೆ ದೋಷ ಬಿಡಿಭಾಗದ್ದೂ ಇರಬಹುದು. ಈ ಎರಡು ಸಂದರ್ಭಗಳಲ್ಲಿ ವಾರಂಟಿ ಕೇಳಲು ನಿಮಗೆ ಆಧಾರವಿದೆ. ಹಾಕಿಸುವಾಗ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಿ. ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದಕ್ಕೂ ಅಷ್ಟೇ, ಮೂರಕ್ಕೂ ಅಷ್ಟೇ.

ಪ್ರಶ್ನೆ: ಏಳು ಸೀಟಿನ ಡೀಸೆಲ್ ಗಾಡಿಯಲ್ಲಿ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೋಗುತ್ತಿದ್ದೆವು. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಗುಂಡ್ಯ ಹತ್ತಿರ ಬರುವಾಗ ಸುಟ್ಟ ವಾಸನೆ ಬಂತು, ಬ್ರೇಕ್ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಯಿತು. ಹೇಗೋ ನಿಲ್ಲಿಸಿದೆ. ಒಂದು ಗಂಟೆ ಬಿಟ್ಟು ನೋಡಿದರೆ ಬ್ರೇಕ್ ಸರಿಯಾಗಿತ್ತು. ಊರಿಗೆ ಬಂದು ತೋರಿಸಿದಾಗ ಮೆಕ್ಯಾನಿಕ್ ‘ಏನೂ ತೊಂದರೆಯಿಲ್ಲ’ ಎಂದರು. ನಂಬಬಹುದೇ? — ಓದುಗರು, ಅರಸೀಕೆರೆ

ಉತ್ತರ: ನಂಬಬೇಡಿ. ಬ್ರೇಕ್ ಆಯಿಲ್ ಬದಲಿಸುವವರೆಗೆ ಆ ಗಾಡಿಯನ್ನು ಘಾಟಿಗೆ ತೆಗೆದುಕೊಂಡು ಹೋಗಲೇಬೇಡಿ.

ಬಿಸಿಯಿಂದ ಬ್ರೇಕ್ ಸೋಲುವುದು ಎರಡು ಬಗೆಯಲ್ಲಿ. ಪೆಡಲ್ ಗಟ್ಟಿಯಾಗೇ ಇದ್ದು, ಎಷ್ಟು ಒತ್ತಿದರೂ ಗಾಡಿ ನಿಲ್ಲದಿದ್ದರೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡುಗಳು ಕಾದು ಹಿಡಿತ ಕಳೆದುಕೊಂಡಿವೆ. ಪೆಡಲ್ ಮೆತ್ತಗಾಗಿ ಇಳಿದರೆ ಪೈಪಿನೊಳಗೆ ಆಯಿಲ್ ಕುದ್ದು ಆವಿಯಾಗಿದೆ. ಆಯಿಲ್ ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಹಾಗಾಗಿ ನಿಮ್ಮ ಕಾಲಿನ ಒತ್ತಡ ಪ್ಯಾಡನ್ನು ಒತ್ತುವ ಕ್ಯಾಲಿಪರ್‌ಗೆ ತಲುಪುವುದೇ ಇಲ್ಲ. ನಿಮಗಾದದ್ದು ಇದೇ. ತಣಿದ ಮೇಲೆ ಆವಿ ಮತ್ತೆ ದ್ರವವಾಗುವುದರಿಂದ ಮೆಕ್ಯಾನಿಕ್‌ಗೆ ಏನೂ ಕಾಣಲಿಲ್ಲ.

ಎಷ್ಟು ಬಿಸಿ ಹುಟ್ಟುತ್ತದೆ, ಲೆಕ್ಕ ಹಾಕಿ ನೋಡಿ. ಜನ, ಲಗೇಜ್ ಸೇರಿ ಎರಡು ಟನ್ ತೂಗುವ ಗಾಡಿ 700 ಮೀಟರ್ ಎತ್ತರದಿಂದ ಇಳಿದರೆ, ಮನೆಯ 2 ಕಿಲೋವ್ಯಾಟ್ ಗೀಸರ್ ಹೆಚ್ಚುಕಡಿಮೆ ಎರಡು ಗಂಟೆ ಉರಿದಷ್ಟು ಶಾಖ ಎಲ್ಲಾದರೂ ಹೋಗಲೇಬೇಕು. ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ತಾಳಿಕೊಳ್ಳುತ್ತದೆ. ಟಾಪ್ ಗೇರಿನಲ್ಲಿ ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟುಕೊಂಡೇ ಇಳಿದರೆ ಅಷ್ಟೂ ಡಿಸ್ಕ್ ಮತ್ತು ಡ್ರಮ್‌ಗಳ ಪಾಲು.

ಇನ್ನು ಆಯಿಲ್. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದ ಆಯಿಲ್‌ಗೆ ಅದೇ ಮಾನದಂಡ ಹೇಳುವುದು 155 ಡಿಗ್ರಿ. ಡಾಟ್ 3 ಆದರೆ 205 ಮತ್ತು 140. ಮಲೆನಾಡು, ಕರಾವಳಿಯ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕಡ್ಡಾಯ ಎಂದೇ ತಿಳಿಯಿರಿ. ‘ಟಾಪ್ ಅಪ್ ಮಾಡಿದ್ದೇವೆ’ ಎಂದರೆ ಒಪ್ಪಬೇಡಿ. ನಾಲ್ಕೂ ಚಕ್ರಗಳ ಬ್ಲೀಡಿಂಗ್ ನಿಪ್ಪಲ್ ಬಿಚ್ಚಿ, ಹಳೆಯ ಕಂದು ಆಯಿಲ್ ಹೋಗಿ ತಿಳಿಯಾದದ್ದು ಬರುವವರೆಗೆ ಹರಿಸಬೇಕು. ಸಾಮಾನ್ಯವಾಗಿ ಒಂದು ಲೀಟರ್ ಬೇಕಾಗುತ್ತದೆ. ಸೀಲ್ ಒಡೆಯದ ಹೊಸ ಡಬ್ಬಿಯೇ ಆಗಲಿ. ಗ್ಯಾರೇಜಿನ ಶೆಲ್ಫಿನಲ್ಲಿ ಆರು ತಿಂಗಳಿಂದ ತೆರೆದಿಟ್ಟದ್ದು ಬೇಡ.

ಅದೇ ಹೊತ್ತಿಗೆ ಪ್ಯಾಡ್ ನೋಡಿಸಿ. ಅದರ ಮಸಾಲೆ (ಉಜ್ಜುವ ಪದರ) 3 ಮಿ.ಮೀ.ಗಿಂತ ತೆಳುವಾಗಿದ್ದರೂ, ಮೇಲ್ಮೈ ಹೊಳೆಯುತ್ತಿದ್ದರೂ ಬದಲಿಸಿ. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಬಹಳ ಸವೆದಿದ್ದರೆ ಕ್ಯಾಲಿಪರ್‌ನ ಸ್ಲೈಡ್ ಪಿನ್ ಹಿಡಿದುಕೊಂಡಿದೆ. ಬಿಚ್ಚಿ, ಒರೆಸಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿಸಬೇಕು. ಡಿಸ್ಕ್‌ನ ಕನಿಷ್ಠ ದಪ್ಪ ಎಷ್ಟೆಂದು ಸಾಮಾನ್ಯವಾಗಿ ಡಿಸ್ಕ್ ಮೇಲೆಯೇ ಅಚ್ಚಾಗಿರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಲೇತ್‌ಗೆ ಹಾಕಿಸುವ ಮಾತೇ ಇಲ್ಲ.

ಇಳಿಯುವ ಕ್ರಮ ಹೀಗೆ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಏರುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಎಂಬ ಹಳೆಯ ಲಾರಿ ಡ್ರೈವರುಗಳ ಲೆಕ್ಕ ಇವತ್ತಿಗೂ ನಡೆಯುತ್ತದೆ: ಕಡಿದಾದಲ್ಲಿ ಎರಡು, ಉಳಿದಲ್ಲಿ ಮೂರು. ಆರ್‌ಪಿಎಂ 3,000ಕ್ಕೆ ಏರಿದರೆ ಗಾಬರಿ ಬೇಡ. ವೇಗ ಹೆಚ್ಚಾದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹತ್ತಿಪ್ಪತ್ತು ಕಿ.ಮೀ. ತಗ್ಗಿಸಿ, ಪೂರ್ತಿ ಬಿಟ್ಟುಬಿಡಿ. ಬಿಟ್ಟಷ್ಟು ಹೊತ್ತು ಡಿಸ್ಕ್ ತಣಿಯುತ್ತದೆ.

ಮತ್ತೆಂದಾದರೂ ಪೆಡಲ್ ಮೆತ್ತಗಾದರೆ ಪಟಪಟನೆ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು ಗುಡ್ಡದ ಬದಿಗೆ ನಿಲ್ಲಿಸಿ. ಗೇರಿನಲ್ಲೇ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ನೀರು ಎರಚಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುವುದಿಲ್ಲವೇ? — ಓದುಗರು, ತೀರ್ಥಹಳ್ಳಿ

ಉತ್ತರ: ಕಾರ್ಬ್ಯುರೇಟರ್ ಕಾಲದ ಮಾತು ಅದು. ಈಗಿನ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿದರೆ ಇಂಜೆಕ್ಟರ್ ಇಂಧನವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ಐಡಲ್ ನಡೆಸಲು ಇಂಧನ ಸುಡುತ್ತಲೇ ಇರುತ್ತದೆ. ಎಂಜಿನ್ ಆಫ್ ಮಾಡಿ ಇಳಿಯುವವರಿಗೆ ಒಂದೇ ಮಾತು: ನಾಲ್ಕೈದು ಸಲ ಒತ್ತುವಷ್ಟರಲ್ಲಿ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ, ಪವರ್ ಸ್ಟೀರಿಂಗ್ ಕೂಡ ಇರುವುದಿಲ್ಲ.

ಪ್ರಶ್ನೆ: ನನ್ನದು ಬಿಎಸ್ 6 ಡೀಸೆಲ್. ಮನೆಯಿಂದ ಆಫೀಸಿಗೆ ನಾಲ್ಕೇ ಕಿ.ಮೀ., ಬಹಳ ನಿಧಾನವಾಗಿ ಓಡಿಸುತ್ತೇನೆ. ಆದರೂ ಡಿಪಿಎಫ್ ದೀಪ ಹತ್ತುತ್ತಿದೆ. ಇನ್ನೂ ವಿಚಿತ್ರವೆಂದರೆ, ಡಿಪ್‌ಸ್ಟಿಕ್ ನೋಡಿದರೆ ಎಂಜಿನ್ ಆಯಿಲ್ ಹೆಚ್ಚಾಗಿದೆ! — ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಗಾಡಿಗೆ ಆ ನಿಧಾನವೇ ಮುಳುವಾಗಿದೆ. ಹೊಗೆಯ ಮಸಿಯನ್ನು ಡಿಪಿಎಫ್ ಎಂಬ ಫಿಲ್ಟರ್ ಹಿಡಿದಿಟ್ಟುಕೊಳ್ಳುತ್ತದೆ. ಅದು ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ, ಮಸಿಯನ್ನು ಸುಟ್ಟುಹಾಕುತ್ತದೆ. ಅದಕ್ಕೆ ಹದಿನೈದಿಪ್ಪತ್ತು ನಿಮಿಷದ ಓಟ ಬೇಕು. ನೀವು ನಾಲ್ಕು ಕಿಲೋಮೀಟರಿಗೆ ಬಂದ್ ಮಾಡಿದರೆ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಮರುದಿನ ಮತ್ತೆ ಶುರು, ಮತ್ತೆ ಅರ್ಧಕ್ಕೆ. ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯ ಮೇಲಿಂದ ಜಾರಿ ಆಯಿಲ್ ಚೇಂಬರಿಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಹೆಚ್ಚಾಗಿ ಕಂಡದ್ದು ಆಯಿಲ್ ಅಲ್ಲ, ಡೀಸೆಲ್. ಅದರಿಂದ ಆಯಿಲ್ ತೆಳುವಾಗಿ ಬೇರಿಂಗುಗಳಿಗೂ ಟರ್ಬೋಗೂ ಬೇಕಾದ ಪದರ ಸಿಗುವುದಿಲ್ಲ.

ಮಟ್ಟ ಮ್ಯಾಕ್ಸ್ ಗೆರೆ ದಾಟಿದ್ದರೆ ಮೊದಲು ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಕಿ.ಮೀ. ಎಷ್ಟೇ ಆಗಿರಲಿ. ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಆಗಬೇಕು. ಯಾವ ದರ್ಜೆಯದು ಎಂಬುದು ಮ್ಯಾನುಯಲ್‌ನಲ್ಲಿದೆ, ಅದನ್ನೇ ಕೇಳಿ ಹಾಕಿಸಿ. ಆಮೇಲೆ ವಾರಕ್ಕೊಮ್ಮೆ ಧಾರವಾಡದ ಬೈಪಾಸ್ ಹಿಡಿದು, ಎಂಜಿನ್ ಕಾದ ಬಳಿಕ 60–80 ಕಿ.ಮೀ. ವೇಗದಲ್ಲಿ, ಆರ್‌ಪಿಎಂ 2,000ದ ಮೇಲಿರುವ ಹಾಗೆ ಅರ್ಧ ಗಂಟೆ ಓಡಿಸಿ. ಐಡಲ್‌ನಲ್ಲಿ ಆರ್‌ಪಿಎಂ ಮಾಮೂಲಿಗಿಂತ ಹೆಚ್ಚಿದ್ದರೆ, ನಿಲ್ಲಿಸಿದಾಗ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಒಳಗೆ ಮಸಿ ಸುಡುತ್ತಿದೆ ಎಂದರ್ಥ. ಆಗ ಬಂದ್ ಮಾಡದೆ ಇನ್ನೊಂದು ಹತ್ತು ನಿಮಿಷ ಸುತ್ತಾಡಿ. ಫಿಲ್ಟರ್ ಅಷ್ಟು ಕಾದಿರುವಾಗ ಒಣಹುಲ್ಲು, ಮೇವಿನ ಮೇಲೆ ಗಾಡಿ ನಿಲ್ಲಿಸಲೇಬೇಡಿ. ದೀಪ ಮಿಣುಕತೊಡಗಿದರೆ ಅಥವಾ ಪಿಕಪ್ ಸತ್ತರೆ ಈ ಉಪಾಯ ನಡೆಯದು, ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ ಸುಡಿಸಬೇಕು.

ದಿನಕ್ಕೆ ಎಂಟು ಕಿ.ಮೀ. ಓಡಿಸುವವರು ಡೀಸೆಲ್ ಕೊಳ್ಳಬಾರದಿತ್ತು. ಮುಂದಿನ ಸಲ ಪೆಟ್ರೋಲ್ ಅಥವಾ ಎಲೆಕ್ಟ್ರಿಕ್ ನೋಡಿ.

ಪ್ರಶ್ನೆ: ಮಗನ 150 ಸಿಸಿ ಬೈಕಿಗೆ 12,000 ಕಿ.ಮೀ.ಗೇ ಚೈನ್ ಸೆಟ್ ಹೋಯಿತು. ಚೈನ್ ಲೂಸಾದಾಗೆಲ್ಲ ಟೈಟ್ ಮಾಡಿಸಿದ್ದೇವೆ. — ಓದುಗರು, ತುಮಕೂರು

ಉತ್ತರ: ಸಿಗ್ನಲ್‌ನಲ್ಲಿ ರೇಸ್ ಮಾಡಿ ಕ್ಲಚ್ ಪಟ್ಟನೆ ಬಿಡುವ ಅಭ್ಯಾಸವಿದೆಯೇ ಎಂದು ಮಗನನ್ನು ಕೇಳಿ. ಆ ಹೊಡೆತ ಮೊದಲು ಬೀಳುವುದು ಮುಂದಿನ ಸ್ಪ್ರಾಕೆಟ್ ಮೇಲೆ. ಅದರಲ್ಲಿರುವುದು ಹದಿನಾಲ್ಕು, ಹದಿನೈದು ಹಲ್ಲು ಮಾತ್ರ. ಹಿಂದಿನದಕ್ಕಿಂತ ಬೇಗ ಬೇಗ ತಿರುಗುವುದರಿಂದ ಪ್ರತಿ ಹಲ್ಲಿಗೂ ಪೆಟ್ಟು ಹೆಚ್ಚು. ಹಿಂದಿನ ಹಬ್ಬಿನೊಳಗೆ ಆ ಹೊಡೆತ ತಿನ್ನಲೆಂದೇ ಇರುವ ರಬ್ಬರ್‌ಗಳು ಹರಿದಿದ್ದರೆ ಚೈನಿಗೆ ರಕ್ಷಣೆಯೇ ಇಲ್ಲ. ಚಕ್ರವನ್ನು ಗಟ್ಟಿ ಹಿಡಿದು ಸ್ಪ್ರಾಕೆಟ್ ಅಲ್ಲಾಡಿಸಿ, ಆಟ ಹೆಚ್ಚಿದ್ದರೆ ಬದಲಿಸಿ. ದೊಡ್ಡ ಖರ್ಚೇನಲ್ಲ.

‘ಟೈಟ್ ಮಾಡಿಸಿದ್ದೇವೆ’ ಎಂಬ ಮಾತೂ ನಮಗೆ ಚಿಂತೆ ತಂದಿತು. ಈ ಗಾತ್ರದ ಬೈಕುಗಳಲ್ಲಿ ಚೈನಿನ ಕೆಳಭಾಗದ ನಡುವೆ ಒತ್ತಿದರೆ ಸಾಮಾನ್ಯವಾಗಿ 20–30 ಮಿ.ಮೀ. ಆಡಬೇಕು. ನಿಮ್ಮ ಮಾಡೆಲ್‌ನ ಅಳತೆ ಮ್ಯಾನುಯಲ್‌ನಲ್ಲಿದೆ, ಕೆಲವದರಲ್ಲಿ ಸ್ವಿಂಗ್ ಆರ್ಮ್ ಮೇಲೆ ಸ್ಟಿಕರ್ ಕೂಡ ಇರುತ್ತದೆ. ಬಿಗಿಯಾಗಿ ಕಟ್ಟಿದ ಚೈನ್, ಇಬ್ಬರು ಕೂತು ಹಂಪ್ ಹತ್ತಿದಾಗ ಇನ್ನಷ್ಟು ಸೆಳೆದು ಗೇರ್‌ಬಾಕ್ಸ್‌ನಿಂದ ಹೊರಬರುವ ಶಾಫ್ಟಿನ ಬೇರಿಂಗನ್ನೇ ತಿನ್ನುತ್ತದೆ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ಅಳೆಯಿರಿ. ಒಂದೆಡೆ ಬಿಗಿ, ಒಂದೆಡೆ ಸಡಿಲ ಬಂದರೆ ಚೈನ್ ಮುಗಿಯಿತು.

ಹೊಸ ಸೆಟ್ ಹಾಕಿಸಿದ ಮೇಲೆ 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದು ಬಂದಾಗಲೆಲ್ಲ, ಸೀಮೆಎಣ್ಣೆ ಮತ್ತು ಮೆತ್ತನೆಯ ಬ್ರಷ್‌ನಿಂದ ತೊಳೆದು, ಒರೆಸಿ, ಚೈನಿನ ಒಳಮೈಗೆ ಲ್ಯೂಬ್ ಅಥವಾ 90ರ ಗೇರ್ ಆಯಿಲ್ ಹಚ್ಚಿ. ಪೆಟ್ರೋಲ್ ಬೇಡ, ಕೊಂಡಿಗಳ ನಡುವಿನ ಓ-ರಿಂಗ್ (ರಬ್ಬರ್ ಬಳೆ) ಹಾಳಾಗುತ್ತದೆ. ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲ್ ಬಳಿಯುವ ಪದ್ಧತಿ ಎಲ್ಲ ಊರಿನಲ್ಲೂ ಇದೆ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಧೂಳು ಮೆತ್ತಿಕೊಳ್ಳುತ್ತದೆ.

ಪ್ರಶ್ನೆ: ಟರ್ಬೋ ಪೆಟ್ರೋಲ್ ಕಾರು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಓಡಿಸಿ ಬಂದು ಹೋಟೆಲ್ ಮುಂದೆ ಕೂಡಲೇ ಆಫ್ ಮಾಡಬಾರದು ಎನ್ನುತ್ತಾರೆ. ಎಷ್ಟು ಕಾಯಬೇಕು? — ಓದುಗರು, ಮಂಡ್ಯ

ಉತ್ತರ: ಅರ್ಧದಿಂದ ಒಂದು ನಿಮಿಷ ಸಾಕು. ಟರ್ಬೋ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ, ಅದಕ್ಕೆ ಆಸರೆ ಆಯಿಲ್ ಒತ್ತಡ ಒಂದೇ. ತಟ್ಟನೆ ಆಫ್ ಮಾಡಿದರೆ ಕಾದ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಹೆದ್ದಾರಿ ಬಿಟ್ಟು ಕೊನೆಯ ಒಂದೆರಡು ಕಿ.ಮೀ. ನಿಧಾನವಾಗಿ ಬಂದಿದ್ದರೆ ಅದೂ ಬೇಕಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡುವುದು ಇದಕ್ಕಿಂತ ಕೆಟ್ಟದ್ದು. ಅರ್ಧ ನಿಮಿಷ ಬಿಟ್ಟು ಹೊರಡಿ, ಮೊದಲ ಎರಡು ಮೂರು ಕಿ.ಮೀ. 2,500 ಆರ್‌ಪಿಎಂ ದಾಟಬೇಡಿ. ಮೈಲೇಜ್ ಆಸೆಗೆ ಐದನೇ ಗೇರಿನಲ್ಲಿ 1,200 ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತುವುದನ್ನೂ ಬಿಡಿ. ಸಣ್ಣ ಟರ್ಬೋ ಎಂಜಿನ್‌ಗಳಲ್ಲಿ ಆಗ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡು ಪಿಸ್ಟನ್ ರಿಂಗ್ ಮುರಿಯುವ ಅಪಾಯವಿದೆ. ಗೇರ್ ಇಳಿಸಿ.

ಪ್ರಶ್ನೆ: ಮಡಿಕೇರಿಯ ಏರುಗಳಲ್ಲಿ ನನ್ನ ಎಎಂಟಿ ಕಾರನ್ನು ಆಕ್ಸಿಲರೇಟರ್ ಕೊಟ್ಟೇ ನಿಲ್ಲಿಸಿಕೊಳ್ಳುತ್ತೇನೆ. ತಪ್ಪೇ? — ಓದುಗರು, ಮಡಿಕೇರಿ

ಉತ್ತರ: ತಪ್ಪು. ಎಎಂಟಿ ಒಳಗೂ ಇರುವುದು ಮಾಮೂಲಿ ಕ್ಲಚ್ಚೇ, ಒತ್ತುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ನೀವು ಮಾಡುತ್ತಿರುವುದು ಹಾಫ್ ಕ್ಲಚ್. ಬ್ರೇಕ್ ಒತ್ತಿ ನಿಲ್ಲಿಸಿ.

ಪ್ರಶ್ನೆ: ಮುಂದಿನ ಟೈರುಗಳು ಒಳಬದಿಯಲ್ಲಿ ಮಾತ್ರ ಸವೆಯುತ್ತಿವೆ, ಹಂಪ್ ಮೇಲೆ ಟಕ್ ಟಕ್ ಸದ್ದು. ಅಲೈನ್‌ಮೆಂಟ್ ಮಾಡಿಸಿದರೂ ಮೂರು ತಿಂಗಳಲ್ಲಿ ಮತ್ತೆ ಅದೇ. — ಓದುಗರು, ಕಲಬುರಗಿ

ಉತ್ತರ: ಸಡಿಲವಾದ ಭಾಗ ಹಾಗೇ ಇಟ್ಟು ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ. ಮೊದಲು ಜಾಕ್ ಕೊಟ್ಟು ಚಕ್ರ ಎತ್ತಿಸಿ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟವಿದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್, ಎಡ ಬಲ ಹಿಡಿದಾಗ ಇದ್ದರೆ ಟೈ ರಾಡ್ ಎಂಡ್. ಲೋವರ್ ಆರ್ಮ್ ಬುಷ್ (ರಬ್ಬರ್ ಆಸರೆ) ಬಿರಿದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಬೇಕು. ಸಣ್ಣ ಗುಂಡಿಗಳಲ್ಲಿ ಬರುವ ಟಕ್ ಟಕ್ ಬಹುತೇಕ ಲಿಂಕ್ ರಾಡ್‌ನದು. ಇವನ್ನು ಹಾಕಿಸಿದ ಮೇಲೆಯೇ ಅಲೈನ್‌ಮೆಂಟ್.

ಹಂಪ್ ಮೇಲೆ ಬ್ರೇಕ್ ಒತ್ತಿಕೊಂಡೇ ಹತ್ತುವವರು ಬಹಳ. ಬ್ರೇಕ್ ಹಿಡಿದಾಗ ಮುಂದಿನ ಸ್ಪ್ರಿಂಗ್ ಆಗಲೇ ಕುಗ್ಗಿರುತ್ತದೆ, ಮೇಲಿನ ಪೆಟ್ಟು ನೇರ ಬುಷ್‌ಗಳಿಗೆ. ಮೊದಲೇ ವೇಗ ಇಳಿಸಿ, ಚಕ್ರ ಹಂಪ್ ಮುಟ್ಟುವ ಕ್ಷಣಕ್ಕೆ ಬ್ರೇಕ್ ಬಿಟ್ಟುಬಿಡಿ. ತಪ್ಪಿಸಲಾಗದ ಗುಂಡಿಗೂ ಇದೇ ಕ್ರಮ. ಗಾಳಿಯನ್ನು ಬೆಳಗ್ಗೆ, ಗಾಡಿ ಹೊರಡುವ ಮೊದಲೇ ನೋಡಿ. ನಿಮ್ಮೂರ ಏಪ್ರಿಲ್ ಬಿಸಿಲಲ್ಲಿ ಓಡಿಸಿ ಬಂದು ಅಳೆದರೆ ಒತ್ತಡ ಹೆಚ್ಚು ತೋರಿಸುತ್ತದೆ, ಅದನ್ನು ನೋಡಿ ಗಾಳಿ ಬಿಡಿಸಿದರೆ ತಣಿದ ಮೇಲೆ ಕಡಿಮೆಯಾಗುತ್ತದೆ. ಟೈರಿನ ಗೀರುಗಳ ನಡುವಿನ ಗುರುತು ಮೇಲ್ಮೈಗೆ ಸಮವಾದರೆ ಉಳಿದಿರುವುದು 1.6 ಮಿ.ಮೀ. ಅಷ್ಟೇ, ಮಳೆಗಾಲಕ್ಕೆ ಮುಂಚೆ ಬದಲಿಸಿ.

ಪ್ರಶ್ನೆ: ಯಾವಾಗಲೂ ರಿಸರ್ವ್‌ನಲ್ಲೇ ಓಡಿಸಿದರೆ ಏನಾದರೂ ಹಾಳಾಗುತ್ತದೆಯೇ? — ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಫ್ಯುಯಲ್ ಪಂಪ್. ಇಂಜೆಕ್ಷನ್ ಇರುವ ಪೆಟ್ರೋಲ್ ಗಾಡಿಗಳಲ್ಲಿ ಅದು ಟ್ಯಾಂಕಿನೊಳಗೆ ಇಂಧನದಲ್ಲೇ ಮುಳುಗಿ ತಣಿಯುತ್ತದೆ. ಇಂಧನ ತಳಕ್ಕಿಳಿದಾಗಲೆಲ್ಲ ಕಾಯುತ್ತದೆ, ಗಾಳಿ ಎಳೆದರೆ ಬೇಗ ಸವೆಯುತ್ತದೆ. ಕಾಲು ಟ್ಯಾಂಕ್ ಇರುವಾಗಲೇ ಬಂಕಿಗೆ ಹೋಗಿ.